ಸಂಬಳ ತಿಂಗಳಿಗೆ, ಖರ್ಚು ಇಡಿಗಂಟಿಗೆ: ಕರಾವಳಿಯಿಂದ ಕೊಲ್ಲಿಗೆ ಹೊರಡುವವರ ಹಣದ ಲೆಕ್ಕ

ಭಟ್ಕಳ, ಹೊನ್ನಾವರ, ಕುಮಟಾ, ಕಾರವಾರದ ಕಡೆ ಯಾರಿಗಾದರೂ ಗಲ್ಫಿನಲ್ಲಿ ಕೆಲಸ ಸಿಕ್ಕಿತೆಂದರೆ ಮೊದಲು ಕೇಳುವುದು ‘ತಿಂಗಳಿಗೆ ಎಷ್ಟು?’ ಎಂದು. ಉತ್ತರ ಬಂದ ಕೂಡಲೇ ಅದನ್ನು ರೂಪಾಯಿಗೆ ಗುಣಿಸಿ, ಸೊಸೈಟಿ ಸಾಲ ಯಾವಾಗ ತೀರುತ್ತದೆ, ಹಂಚಿನ ಮನೆಗೆ ಸ್ಲ್ಯಾಬ್ ಯಾವ ವರ್ಷ ಬೀಳುತ್ತದೆ ಎಂಬ ತನಕ ಮಾತು ಓಡುತ್ತದೆ. ಕನಸು ಕಾಣುವುದಕ್ಕೆ ಯಾರ ಅಡ್ಡಿಯೂ ಇಲ್ಲ. ತೊಂದರೆ ಇರುವುದು ಗುಣಾಕಾರದಲ್ಲಿ. ಕೊಲ್ಲಿ ದೇಶಗಳಲ್ಲಿ ಸಂಬಳ ತಿಂಗಳಿಗೊಮ್ಮೆ ಬರುತ್ತದೆ. ಬಾಡಿಗೆ, ಠೇವಣಿ, ಶಾಲಾ ಶುಲ್ಕ, ಪರವಾನಗಿ ನವೀಕರಣದಂಥ ದೊಡ್ಡ ಖರ್ಚುಗಳು ಇಡಿಗಂಟಾಗಿ, ಅದೂ ಮುಂಗಡವಾಗಿ ಎದುರು ನಿಲ್ಲುತ್ತವೆ. ಊರಿನ ಮನೆಯ ಖರ್ಚೂ ಹಾಗೆಯೇ, ಮಳೆಗಾಲ ಹಿಡಿಯುವ ಹೊತ್ತಿಗೆ ಒಟ್ಟಿಗೇ ಬರುತ್ತದೆ. ಈ ಎರಡೂ ಕಡೆಯ ಇಡಿಗಂಟುಗಳನ್ನು ಹೊರಡುವ ಮೊದಲೇ ಪಟ್ಟಿ ಮಾಡಿಕೊಂಡವರು ಕೈಸಾಲವಿಲ್ಲದೆ ಮೊದಲ ವರ್ಷ ದಾಟುತ್ತಾರೆ.

ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಸಂಯುಕ್ತ ಅರಬ್ ಎಮಿರೇಟ್ಸ್‌ನವು, ಅಂದರೆ ದುಬೈ, ಶಾರ್ಜಾ, ಅಬುಧಾಬಿ ಕಡೆಯವು. ಸೌದಿಯ ಲೆಕ್ಕ ಬೇರೆಯಾಗುವಲ್ಲಿ ಅದನ್ನೂ ಹೇಳಿದ್ದೇನೆ.

ಹೆಜ್ಜೆ 1: ಆಫರ್ ಪತ್ರದಲ್ಲಿ ಮೂಲವೇತನ ಎಲ್ಲಿದೆ ನೋಡಿ

ಒಟ್ಟು ಸಂಬಳ ದಪ್ಪ ಅಕ್ಷರದಲ್ಲಿರುತ್ತದೆ. ನಿಮಗೆ ಬೇಕಾದದ್ದು ಅದರ ಕೆಳಗಿನ ವಿಭಜನೆ: ಮೂಲವೇತನ ಎಷ್ಟು, ವಸತಿ ಭತ್ಯೆ ಎಷ್ಟು, ಸಾರಿಗೆ ಎಷ್ಟು. ಎಮಿರೇಟ್ಸ್‌ನಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೂಲವೇತನದ ಮೇಲೆ ಮಾತ್ರ ಲೆಕ್ಕವಾಗುತ್ತದೆ. ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲವೇತನ, ಆಮೇಲಿನ ವರ್ಷಗಳಿಗೆ 30 ದಿನದ್ದು. ಒಂದು ವರ್ಷ ಪೂರೈಸದವರಿಗೆ ಏನೂ ಇಲ್ಲ.

ಒಟ್ಟು 7,000 ದಿರ್ಹಮ್‌ನ ಎರಡು ಪತ್ರಗಳಿವೆ ಎಂದುಕೊಳ್ಳಿ. ಒಂದರಲ್ಲಿ ಮೂಲವೇತನ 3,000, ಇನ್ನೊಂದರಲ್ಲಿ 4,500. ಮೊದಲನೆಯದರಲ್ಲಿ ವರ್ಷಕ್ಕೆ 2,100 ದಿರ್ಹಮ್ ಗ್ರಾಚ್ಯುಟಿ ಕೂಡುತ್ತದೆ, ಎರಡನೆಯದರಲ್ಲಿ 3,150. ಐದು ವರ್ಷಕ್ಕೆ 5,250 ದಿರ್ಹಮ್ ವ್ಯತ್ಯಾಸ. ಸಹಿಗೆ ಮುಂಚೆ ಕೇಳಿದರೆ ಕೆಲವು ಮಾಲೀಕರು ವಿಭಜನೆಯನ್ನು ಬದಲಿಸುತ್ತಾರೆ. ಸಹಿ ಆದ ಮೇಲೆ ಯಾರೂ ಬದಲಿಸುವುದಿಲ್ಲ.

ಇದೇ ಪತ್ರದಲ್ಲಿ ಇನ್ನೂ ನಾಲ್ಕು ವಿಷಯಗಳನ್ನು ಗುರುತು ಹಾಕಿಕೊಳ್ಳಿ: ಪರೀಕ್ಷಾರ್ಥ ಅವಧಿ (ಕಾನೂನಿನ ಪ್ರಕಾರ 6 ತಿಂಗಳು ಮೀರುವಂತಿಲ್ಲ), ವಸತಿ ಕಂಪನಿಯದೋ ನಿಮ್ಮದೋ, ಊರಿಗೆ ಬರುವ ಟಿಕೆಟ್ ವರ್ಷಕ್ಕೊಂದೋ ಎರಡು ವರ್ಷಕ್ಕೊಂದೋ, ಆರೋಗ್ಯ ವಿಮೆ ಯಾರ ಯಾರಿಗೆ.

ರೂಪಾಯಿಗೆ ಪರಿವರ್ತಿಸುವಾಗ ಒಂದು ಎಚ್ಚರಿಕೆ. ದಿರ್ಹಮ್ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿದ ಹಣ. ಸೌದಿ ರಿಯಾಲ್ 3.75ರಂತೆ. ಹಾಗಾಗಿ ನಿಮ್ಮ ಸಂಬಳದ ರೂಪಾಯಿ ಬೆಲೆ ಏರಿಳಿಯುವುದು ಡಾಲರಿನ ಜೊತೆ. ಬಜೆಟ್ ಬರೆಯುವಾಗ ಅಂದಿನ ದರಕ್ಕಿಂತ ಒಂದೆರಡು ರೂಪಾಯಿ ಕಡಿಮೆ ಹಿಡಿಯಿರಿ. ಕೆಳಗಿನ ಉದಾಹರಣೆಗಳಲ್ಲಿ ನಾನು ಒಂದು ದಿರ್ಹಮಿಗೆ 23 ರೂಪಾಯಿ ಹಿಡಿದಿದ್ದೇನೆ.

ಹೆಜ್ಜೆ 2: ಹೊರಡುವ ಮುಂಚಿನ ಖರ್ಚಿನಲ್ಲಿ ಯಾವುದು ಯಾರದ್ದು

ವಯಸ್ಕರ 36 ಪುಟದ ಪಾಸ್‌ಪೋರ್ಟಿಗೆ 1,500 ರೂಪಾಯಿ, ತತ್ಕಾಲ್ ಆದರೆ ಇನ್ನೂ 2,000. ಪೊಲೀಸ್ ಅನುಮತಿ ಪ್ರಮಾಣಪತ್ರಕ್ಕೆ 500. ಸೌದಿ, ಕುವೈತ್‌ಗಳಿಗೆ ಹೋಗುವವರಿಗೆ ವಾಫಿದ್ ಎಂಬ ಕೊಲ್ಲಿ ದೇಶಗಳ ತಪಾಸಣಾ ವ್ಯವಸ್ಥೆಯಡಿ ಮಾನ್ಯತೆ ಪಡೆದ ಕೇಂದ್ರದಲ್ಲಿ ವೈದ್ಯಕೀಯ ತಪಾಸಣೆ ಆಗಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಅದಕ್ಕೆ ಮಂಗಳೂರಿಗೋ ಇನ್ನೂ ದೂರಕ್ಕೋ ಹೋಗಬೇಕಾಗುತ್ತದೆ. ತಪಾಸಣೆಯ ಶುಲ್ಕದ ಜೊತೆ ಒಂದು ದಿನದ ಓಡಾಟ, ಊಟ, ಬೇಕಾದರೆ ಮರುತಪಾಸಣೆಯನ್ನೂ ಬರೆದುಕೊಳ್ಳಿ.

ದಾಖಲೆಗಳ ದೃಢೀಕರಣ ಜನ ಮರೆಯುವ ಖರ್ಚು. ಎಮಿರೇಟ್ಸ್, ಕತಾರ್, ಕುವೈತ್‌ಗಳಿಗೆ ಪದವಿ ಪ್ರಮಾಣಪತ್ರವು ರಾಜ್ಯದ ಹಂತ, ವಿದೇಶಾಂಗ ಸಚಿವಾಲಯ, ಆ ದೇಶದ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಮುದ್ರೆ ಹಾಕಿಸಿಕೊಳ್ಳಬೇಕು. ಒಮಾನ್, ಬಹರೈನ್, 2022ರ ಡಿಸೆಂಬರಿನಿಂದ ಸೌದಿ ಕೂಡ ಹೇಗ್ ಒಪ್ಪಂದದಲ್ಲಿರುವುದರಿಂದ ಅಲ್ಲಿಗೆ ಅಪೋಸ್ಟಿಲ್ ಎಂಬ ದೃಢೀಕರಣ ಮುದ್ರೆ ನಡೆಯುತ್ತದೆ, ಖರ್ಚೂ ಕಡಿಮೆ. ಮನೆಯವರು ಎರಡು ವರ್ಷ ಬಿಟ್ಟು ಬರುವವರಾದರೂ ಮದುವೆಯ ಮತ್ತು ಮಕ್ಕಳ ಜನನದ ಪ್ರಮಾಣಪತ್ರಗಳನ್ನು ಈಗಲೇ ಪದವಿಯ ಜೊತೆ ಕಳಿಸಿಬಿಡಿ. ದುಬೈನಲ್ಲಿ ಕೂತು ಶಿರಸಿಯ ಉಪನೋಂದಣಿ ಕಚೇರಿಯ ಕೆಲಸ ಮಾಡಿಸುವುದು ದುಬಾರಿ. ದೇವಸ್ಥಾನದಲ್ಲಿಯೋ ಮನೆಯಂಗಳದಲ್ಲಿಯೋ ಮದುವೆಯಾಗಿ ನೋಂದಣಿ ಮಾಡಿಸದೇ ಉಳಿದವರು ಇನ್ನೂ ಎಷ್ಟೋ ಮಂದಿ ಇದ್ದಾರೆ. ಅವರ ಮೊದಲ ಕೆಲಸ ಅದು.

ಇನ್ನು ಏಜೆಂಟರ ವಿಷಯ. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ನೇಮಕಾತಿ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 35,400. ಅದಕ್ಕೂ ರಸೀದಿ ಕೊಡಬೇಕು. ‘ವೀಸಾಕ್ಕೆ ಒಂದೂವರೆ ಲಕ್ಷ’ ಎನ್ನುವವನು ಕಾನೂನಿನ ಹೊರಗಿದ್ದಾನೆ. ಎಮಿರೇಟ್ಸ್‌ನ ಕಾರ್ಮಿಕ ಕಾನೂನು ನೇಮಕಾತಿಯ ವೆಚ್ಚವನ್ನು ನೌಕರನಿಂದ ವಸೂಲು ಮಾಡುವುದನ್ನೇ ನಿಷೇಧಿಸಿದೆ. ವೀಸಾ, ಕೆಲಸದ ಪರವಾನಗಿ ಮಾಲೀಕನ ಖರ್ಚು. ಏಜೆಂಟನ ನೋಂದಣಿ ಸಂಖ್ಯೆಯನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹಾಕಿ ನೋಡಲು ಐದು ನಿಮಿಷ ಸಾಕು. ಅವನು ನಿಮ್ಮ ಭಾವನ ಗೆಳೆಯನಾಗಿದ್ದರೂ ನೋಡಿ.

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ವರ್ಗದ್ದಾಗಿರುತ್ತದೆ. ಅವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ರಕ್ಷಕರ ಕಚೇರಿಯ ಅನುಮತಿ ಬೇಕು. ಆ ಕಚೇರಿ ಬೆಂಗಳೂರಿನಲ್ಲಿದೆ. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ ಪರಿಹಾರ. ಇಡೀ ಪಟ್ಟಿಯಲ್ಲಿ ಇಷ್ಟು ಅಗ್ಗದ್ದು ಬೇರೊಂದಿಲ್ಲ.

ಸಂದರ್ಶಕ ವೀಸಾದಲ್ಲಿ ಹೋಗಿ ಕೆಲಸ ಹುಡುಕುವವರು ಇದ್ದಾರೆ. ಹುಡುಕಬಹುದು, ಆ ವೀಸಾದಲ್ಲಿ ದುಡಿಯುವಂತಿಲ್ಲ. ಅವಧಿ ಮೀರಿದರೆ ಎಮಿರೇಟ್ಸ್‌ನಲ್ಲಿ ದಿನಕ್ಕೆ 50 ದಿರ್ಹಮ್ ದಂಡ, ಅಂದರೆ ತಿಂಗಳಿಗೆ 1,500. ಈ ದಾರಿ ಹಿಡಿಯುವವರು ಹಿಂತಿರುಗುವ ಟಿಕೆಟಿನ ಹಣವನ್ನು ಮುಟ್ಟದ ಹಾಗೆ ಊರಿನಲ್ಲೇ ಯಾರ ಕೈಯಲ್ಲಾದರೂ ಇಟ್ಟು ಹೋಗಬೇಕು.

ಹೆಜ್ಜೆ 3: ನೀವಿಲ್ಲದ ಮನೆಗೆ ಬೇರೆ ಬಜೆಟ್

ಮಾರ್ಗದರ್ಶಿಗಳು ಸಾಮಾನ್ಯವಾಗಿ ಈ ಭಾಗವನ್ನು ‘ಕುಟುಂಬಕ್ಕೆ ಕಳಿಸುವ ಹಣ’ ಎಂಬ ಒಂದೇ ಸಾಲಿನಲ್ಲಿ ಮುಗಿಸುತ್ತವೆ. ನನಗೆ ಅದು ಒಪ್ಪಿಗೆಯಿಲ್ಲ.

ನೀವು ಊರಿನಲ್ಲಿದ್ದಾಗ ಸಂಬಳವಿಲ್ಲದೆ ಮಾಡುತ್ತಿದ್ದ ಕೆಲಸಗಳಿಗೆಲ್ಲ ಇನ್ನು ಮೇಲೆ ಕೂಲಿ ಕೊಡಬೇಕು. ಶಿರಸಿ, ಸಿದ್ದಾಪುರದ ತೋಟದ ಮನೆಯಾದರೆ ಮಳೆ ಹಿಡಿಯುವ ಮುಂಚೆ ಅಡಿಕೆಗೆ ಬೋರ್ಡೋ ಮದ್ದು ಹೊಡೆಸಬೇಕು, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಗೊನೆಗೆ ಕೊಟ್ಟೆ (ಮಳೆಯ ಹೊದಿಕೆ) ಕಟ್ಟುವುದಿರಲಿ, ಮದ್ದು ಹೊಡೆಯುವುದಿರಲಿ, ಮರ ಹತ್ತುವ ಕೊನೆಗೌಡರ ಕೂಲಿ ಪ್ರತಿ ವರ್ಷ ಏರುತ್ತಿದೆ. ಜೊತೆಗೆ ನಿಂತು ಮದ್ದು ಕಲಸಿ ಕೊಡುತ್ತಿದ್ದವರು ನೀವಾಗಿದ್ದರೆ ಆ ಕೆಲಸಕ್ಕೂ ಒಂದು ಆಳು ಬೇಕು. ಹೊನ್ನಾವರ, ಕುಮಟಾದ ಕಡೆ ಹಂಚು ತೆಗೆದು ಹಾಕಿಸುವುದು, ತೆಂಗಿನಕಾಯಿ ಕೊಯ್ಯಿಸುವುದು, ಬಾವಿಯ ಪಂಪು ಕೆಟ್ಟರೆ ರಿಪೇರಿಯವರನ್ನು ಕರೆಸುವುದು. ಮೀನುಗಾರಿಕೆಯ ಮನೆಯಾದರೆ ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಆ ಎರಡು ತಿಂಗಳು ಅಣ್ಣತಮ್ಮಂದಿರ ಆದಾಯವೂ ನಿಲ್ಲುತ್ತದೆ, ಎಲ್ಲರ ಕಣ್ಣೂ ನಿಮ್ಮ ಹಣದ ಕಡೆಗೇ.

ಆಸ್ಪತ್ರೆಯ ಸಾಲು ದಪ್ಪವಾಗಿರಲಿ. ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಜನ ಬೀದಿಗಿಳಿದು ಕೇಳುತ್ತ ಬಂದಿದ್ದಾರೆ. ಹೃದಯ, ನರದ ತೊಂದರೆ ಬಂದರೆ ಭಟ್ಕಳದವರಿಗೆ ಮಣಿಪಾಲ, ಕಾರವಾರದವರಿಗೆ ಗೋವಾ, ಶಿರಸಿಯವರಿಗೆ ಹುಬ್ಬಳ್ಳಿ. ಅಪ್ಪ ಅಮ್ಮನ ಆರೋಗ್ಯ ವಿಮೆಯ ಕಂತಿನ ಜೊತೆಗೆ ಬಾಡಿಗೆ ಕಾರು, ಜೊತೆಗೆ ಹೋಗುವವರ ಊಟ ವಸತಿ, ಮುಂಗಡ ಕಟ್ಟುವ ಹಣ ಇವುಗಳಿಗೆಂದು ಊರಿನ ಖಾತೆಯಲ್ಲಿ ಒಂದು ಮೊತ್ತ ಇರಲೇಬೇಕು. ರಾತ್ರಿ ಎರಡು ಗಂಟೆಗೆ ದುಬೈನಿಂದ ಹಣ ಕಳಿಸಿ, ಅದು ತಲುಪುವುದನ್ನು ಆಂಬ್ಯುಲೆನ್ಸ್ ಕಾಯುವುದಿಲ್ಲ.

ಈಗ ಒಂದು ಹಾಳೆ ತೆಗೆದುಕೊಂಡು ಹನ್ನೆರಡು ಅಂಕಣ ಮಾಡಿ, ತಿಂಗಳ ಹೆಸರು ಬರೆಯಿರಿ. ಪ್ರತಿ ತಿಂಗಳ ಮಾಮೂಲು ಖರ್ಚನ್ನು ಇದರಲ್ಲಿ ಬರೆಯಬೇಡಿ. ಇಡಿಗಂಟುಗಳನ್ನು ಮಾತ್ರ ಬರೆಯಿರಿ: ಮಾರ್ಚಿನಲ್ಲಿ ಸೊಸೈಟಿಯ ಬೆಳೆಸಾಲ ನವೀಕರಣ, ಮೇ ತಿಂಗಳಲ್ಲಿ ಹಂಚು, ಜೂನಿನಲ್ಲಿ ಶಾಲೆ ಮತ್ತು ಮದ್ದು, ಚೌತಿಯ ಖರ್ಚು, ವಿಮೆಯ ಕಂತು, ನಿಮ್ಮ ಊರಿಗೆ ಬರುವ ಟಿಕೆಟ್. ಕೂಡಿಸಿ ಹನ್ನೆರಡರಿಂದ ಭಾಗಿಸಿ. ಬಂದ ಅಂಕಿಯನ್ನು ಪ್ರತಿ ತಿಂಗಳು, ಮನೆಗೆ ಕಳಿಸುವುದಕ್ಕೂ ಮೊದಲು, ಬೇರೆ ಖಾತೆಗೆ ಹಾಕಬೇಕು.

ಲೆಕ್ಕ ಹೇಗೆ ಇಳಿಯುತ್ತದೆ ನೋಡಿ. ಒಂಟಿಯಾಗಿ ಹೋದವರು, ಕಂಪನಿಯ ಕೋಣೆ, ಸಂಬಳ 4,500 ದಿರ್ಹಮ್. ಊರಿನಲ್ಲಿ ಹೇಳುವ ಅಂಕಿ 1,03,500 ರೂಪಾಯಿ. ಅಲ್ಲಿನ ಊಟ, ಫೋನು, ಓಡಾಟಕ್ಕೆ 1,200 ದಿರ್ಹಮ್, ಅಲ್ಲಿನ ವರ್ಷದ ಇಡಿಗಂಟುಗಳ ಪಾಲು 200. ಉಳಿದ 3,100 ದಿರ್ಹಮ್ ಎಂದರೆ 71,300 ರೂಪಾಯಿ. ಮನೆಯ ಮಾಮೂಲು ಖರ್ಚು 30,000. ಊರಿನ ಇಡಿಗಂಟುಗಳು ವರ್ಷಕ್ಕೆ 1,20,000 ಆದರೆ ತಿಂಗಳ ಪಾಲು 10,000. ಸಾಲ ತೀರಿಸಲು, ಉಳಿಸಲು ನಿಜವಾಗಿ ಸಿಗುವುದು 31,300. ಸ್ಲ್ಯಾಬಿನ ಕನಸನ್ನು ಈ ಅಂಕಿಯ ಮೇಲೆ ಕಟ್ಟಬೇಕು.

ಹೆಜ್ಜೆ 4: ಕೈಯಲ್ಲಿ ಒಯ್ಯುವ ಹಣ ಮತ್ತು ಮೊದಲ ಸಂಬಳದ ತನಕ

ಇಳಿದ ಮೇಲೆ ವೈದ್ಯಕೀಯ ತಪಾಸಣೆ, ಗುರುತಿನ ಚೀಟಿ, ವಾಸದ ವೀಸಾ, ಬ್ಯಾಂಕ್ ಖಾತೆ ಇವೆಲ್ಲ ಮುಗಿಯಲು ವಾರಗಳು ಹಿಡಿಯುತ್ತವೆ. ತಿಂಗಳ ನಡುವೆ ಸೇರಿದರೆ ಮೊದಲ ಸಂಬಳ ಅರ್ಧವೇ. ಎರಡು ತಿಂಗಳು ಸಂಬಳವಿಲ್ಲದೆ ಬದುಕುವಷ್ಟು ಹಣ ಜೊತೆಗಿರಲಿ. ಅದೇ ಎರಡು ತಿಂಗಳ ಮನೆಖರ್ಚನ್ನೂ ಊರಿನಲ್ಲಿ ಕೊಟ್ಟು ಹೊರಡಿ. ಇದು ಸಾಲ ತಂದ ಹಣವಾದರೆ ಬಡ್ಡಿಯೂ ಮೇಲಿನ ಹಾಳೆಗೆ ಸೇರುತ್ತದೆ.

ವಿದೇಶಿ ನೋಟುಗಳನ್ನು ಒಂದು ಪ್ರಯಾಣಕ್ಕೆ 3,000 ಡಾಲರಿನಷ್ಟು ಬೆಲೆಯವರೆಗೆ ಒಯ್ಯಬಹುದು. ಉಳಿದದ್ದನ್ನು ಫಾರೆಕ್ಸ್ ಕಾರ್ಡಿಗೆ ಹಾಕಿಸಿ. ಅಷ್ಟೆಲ್ಲ ನೋಟು ಜೇಬಿನಲ್ಲಿಟ್ಟುಕೊಳ್ಳುವ ಅಗತ್ಯವೂ ಇಲ್ಲ.

ಟಿಕೆಟ್ ಕೊಳ್ಳುವಾಗ ‘ಗೋವಾ’ ಎಂದಷ್ಟೇ ನೋಡಿ ಒತ್ತಬೇಡಿ. 2023ರಿಂದ ಗೋವಾಕ್ಕೆ ಎರಡು ವಿಮಾನ ನಿಲ್ದಾಣ. ದಾಬೋಲಿಂ ಕಾರವಾರಕ್ಕೆ ಹತ್ತಿರ. ಮೋಪಾ ಗೋವಾದ ಉತ್ತರದ ತುದಿಯಲ್ಲಿದೆ, ಕಾರಿನ ಬಾಡಿಗೆ ಬೇರೆಯೇ ಆಗುತ್ತದೆ. ಭಟ್ಕಳ, ಹೊನ್ನಾವರದವರಿಗೆ ಮಂಗಳೂರು ಸಲೀಸು.

ಇನ್ನೊಂದು ಮಾತು, ಹಣದ ಲೆಕ್ಕವಲ್ಲದಿದ್ದರೂ ಹೇಳಲೇಬೇಕು. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಿರಿ, ಮುರುಗಲು ಸಿಪ್ಪೆ ಒಯ್ಯಿರಿ. ಗಸಗಸೆ ಮಾತ್ರ ಬೇಡ. ಎಮಿರೇಟ್ಸ್, ಸೌದಿಗಳಲ್ಲಿ ಅದು ಮಾದಕ ವಸ್ತುವಿನ ನಿಷೇಧದಡಿ ಬರುತ್ತದೆ. ಪಾಯಸದ ಪೊಟ್ಟಣಕ್ಕಾಗಿ ವಕೀಲರ ಶುಲ್ಕ ಯಾರ ಬಜೆಟ್ಟಿನಲ್ಲೂ ಇರುವುದಿಲ್ಲ. ಕೊಡೀನ್, ಟ್ರಮಡಾಲ್ ಇರುವ ಔಷಧಿಗಳಿಗೂ ಮುಂಚಿತ ಅನುಮತಿ ಬೇಕು.

ಹೆಜ್ಜೆ 5: ಕುಟುಂಬವನ್ನು ಯಾವಾಗ ಕರೆಸಬೇಕು

ನನ್ನ ಅಭಿಪ್ರಾಯ ಸ್ಪಷ್ಟ: ಪರೀಕ್ಷಾರ್ಥ ಅವಧಿ ಮುಗಿಯುವ ಮೊದಲು ಬೇಡ. ಎಮಿರೇಟ್ಸ್‌ನಲ್ಲಿ ಹೆಂಡತಿ ಮಕ್ಕಳನ್ನು ಪ್ರಾಯೋಜಿಸಲು 4,000 ದಿರ್ಹಮ್ ಸಂಬಳ, ಇಲ್ಲವೇ 3,000 ಮತ್ತು ವಸತಿ ಸಾಕು ಎಂದು ನಿಯಮ ಹೇಳುತ್ತದೆ. ಅದು ವೀಸಾ ಸಿಗುವ ಗೆರೆ. ಸಂಸಾರ ನಡೆಯುವ ಗೆರೆ ಅದಕ್ಕಿಂತ ಬಹಳ ಮೇಲಿದೆ.

ದುಬೈನಲ್ಲಿ ಬಾಡಿಗೆಯನ್ನು ವರ್ಷಕ್ಕೆ ಹೇಳುತ್ತಾರೆ, ಮುಂದಿನ ದಿನಾಂಕದ ಚೆಕ್ಕುಗಳಲ್ಲಿ ಪಡೆಯುತ್ತಾರೆ. ವರ್ಷಕ್ಕೆ 48,000 ದಿರ್ಹಮ್‌ನ ಚಿಕ್ಕ ಮನೆ, ನಾಲ್ಕು ಚೆಕ್ಕು ಎಂದು ಇಟ್ಟುಕೊಳ್ಳಿ. ಕೀಲಿ ಕೈಗೆ ಬರುವ ದಿನ ಬೇಕಾಗುವ ಹಣ: ಮೊದಲ ಚೆಕ್ 12,000, ಠೇವಣಿ ಶೇ 5ರಂತೆ 2,400 (ಪೀಠೋಪಕರಣ ಇದ್ದರೆ ಶೇ 10), ದಲ್ಲಾಳಿಗೆ ಶೇ 5ರಂತೆ 2,400, ಇಜಾರಿ (ಬಾಡಿಗೆ ಕರಾರಿನ) ನೋಂದಣಿಗೆ ಸುಮಾರು 220, ವಿದ್ಯುತ್ ನೀರಿನ ಠೇವಣಿ 2,000. ಒಟ್ಟು 19,020 ದಿರ್ಹಮ್, ಅಂದರೆ ಸುಮಾರು 4.37 ಲಕ್ಷ ರೂಪಾಯಿ. ಹಾಸಿಗೆ, ಪಾತ್ರೆ, ಗ್ಯಾಸ್ ಒಲೆ ಇನ್ನೂ ಬಂದಿಲ್ಲ. ಮೇಲೆ ವರ್ಷದ ಬಾಡಿಗೆಯ ಶೇ 5ರಷ್ಟು ಪುರಸಭೆಯ ವಸತಿ ಶುಲ್ಕ ವಿದ್ಯುತ್ ಬಿಲ್ಲಿನ ಜೊತೆ ಬರುತ್ತದೆ. ಈ ಮನೆಗೆ ತಿಂಗಳಿಗೆ 200 ದಿರ್ಹಮ್. ಮೂರು ತಿಂಗಳಿಗೊಮ್ಮೆ ಮತ್ತೆ 12,000ದ ಚೆಕ್ಕು ಬ್ಯಾಂಕಿಗೆ ಹೋಗುತ್ತದೆ. ಅದು ತಿರಸ್ಕೃತವಾದರೆ, 2022ರ ಕಾನೂನು ತಿದ್ದುಪಡಿಯ ನಂತರ, ಮನೆಯ ಮಾಲೀಕ ನೇರವಾಗಿ ನ್ಯಾಯಾಲಯದ ಜಾರಿ ವಿಭಾಗಕ್ಕೆ ಹೋಗಬಹುದು.

7,000 ದಿರ್ಹಮ್ ಸಂಬಳದವರು ಈ ಮನೆ ಹಿಡಿದರೆ ತಿಂಗಳಿಗೆ 4,000 ಬಾಡಿಗೆಗೇ ಹೋಯಿತು. ಉಳಿದ 3,000ದಲ್ಲಿ ಊಟ, ಶಾಲೆ, ಓಡಾಟ, ಊರಿಗೆ ಹಣ. ಇದು ಆಗದ ಮಾತು. ಶಾರ್ಜಾದಲ್ಲಿ ಬಾಡಿಗೆ ಕಡಿಮೆ, ಆದರೆ ದುಬೈಗೆ ದಿನನಿತ್ಯದ ಪ್ರಯಾಣದಲ್ಲಿ ಹಣವೂ ಹೊತ್ತೂ ಹೋಗುತ್ತವೆ. ಇಬ್ಬರೂ ದುಡಿಯುವುದಾದರೆ ಲೆಕ್ಕ ಬೇರೆ; ಆದರೆ ಹೆಂಡತಿಗೆ ಕೆಲಸ ಸಿಗುವ ತನಕ ಅವಳ ಸಂಬಳವನ್ನು ಬಜೆಟ್ಟಿನಲ್ಲಿ ಬರೆಯಬಾರದು.

ಸೌದಿಯಲ್ಲಿ ಇಡಿಗಂಟು ಬೇರೆ ಬಾಗಿಲಿನಿಂದ ಬರುತ್ತದೆ. ಖಾಸಗಿ ಕೆಲಸದವರ ಮೇಲೆ ಅವಲಂಬಿತರಾದ ಪ್ರತಿಯೊಬ್ಬರಿಗೂ ತಿಂಗಳಿಗೆ 400 ರಿಯಾಲ್ ಶುಲ್ಕ. ಇಕಾಮಾ (ವಾಸದ ಪರವಾನಗಿ) ನವೀಕರಿಸುವಾಗ ಮುಂಗಡವಾಗಿ ಕಟ್ಟಬೇಕು. ಹೆಂಡತಿ ಮತ್ತು ಇಬ್ಬರು ಮಕ್ಕಳಿಗೆ ವರ್ಷಕ್ಕೆ 14,400 ರಿಯಾಲ್. 2020ರ ಜುಲೈನಿಂದ ಅಲ್ಲಿ ಮೌಲ್ಯವರ್ಧಿತ ತೆರಿಗೆ ಶೇ 15. ಎಮಿರೇಟ್ಸ್‌ನಲ್ಲಿ ಶೇ 5.

ಮಕ್ಕಳ ಶಾಲೆ. ಕೊಲ್ಲಿಯ ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲಿನಲ್ಲಿ ಶುರುವಾಗುತ್ತವೆ, ನಮ್ಮಲ್ಲಿಯ ಹಾಗೆ ಜೂನಿನ ತನಕ ಕಾಯುವುದಿಲ್ಲ. ಪ್ರವೇಶದ ಮಾತು ಅದಕ್ಕೂ ತಿಂಗಳುಗಳ ಮುಂಚೆ ಮುಗಿದಿರುತ್ತದೆ. ವರ್ಗಾವಣೆ ಪತ್ರಕ್ಕೆ ಶಿಕ್ಷಣ ಇಲಾಖೆಯ ಮೇಲುರುಜು ಕೇಳುವುದು ಸಾಮಾನ್ಯ. ಉತ್ತರ ಕನ್ನಡದಲ್ಲಿ ಕಾರವಾರ, ಶಿರಸಿ ಎರಡು ಶೈಕ್ಷಣಿಕ ಜಿಲ್ಲೆಗಳಿರುವುದರಿಂದ ನಿಮ್ಮ ಶಾಲೆ ಯಾವುದಕ್ಕೆ ಸೇರುತ್ತದೆ ನೋಡಿಕೊಳ್ಳಿ. ಶುಲ್ಕದ ಜೊತೆ ಬಸ್ಸು, ಸಮವಸ್ತ್ರ, ಪುಸ್ತಕಗಳಿಗೆ ಬೇರೆ ಬೇರೆ ಬಿಲ್ಲು. ಕನ್ನಡ ಮಾಧ್ಯಮದ ಮಗುವಾದರೆ ಮೊದಲ ವರ್ಷ ಮನೆಪಾಠಕ್ಕೂ ತೆಗೆದಿಡಿ.

ದುಬೈನಲ್ಲಿ ಅವಲಂಬಿತರ ಆರೋಗ್ಯ ವಿಮೆ ಪ್ರಾಯೋಜಕರ, ಅಂದರೆ ನಿಮ್ಮ ಹೊಣೆ. ಕುಟುಂಬದ ಟಿಕೆಟ್ಟುಗಳು ಜುಲೈ, ಆಗಸ್ಟಿನಲ್ಲಿ ಅತಿ ದುಬಾರಿ, ಏಕೆಂದರೆ ಅಲ್ಲಿನ ಶಾಲೆಗಳಿಗೆ ರಜೆ ಆಗಲೇ. ಊರಿಗೆ ಬರುವ ಹೊತ್ತಿಗೆ ಇಲ್ಲಿ ಜಡಿಮಳೆ. ಹೊರಗೆ ಕಾಲಿಡಲಾಗದ ರಜೆಗೆ ವರ್ಷದ ಅತಿ ಹೆಚ್ಚಿನ ದರ.

ಹೆಜ್ಜೆ 6: ಬ್ಯಾಂಕು, ತೆರಿಗೆ, ಜಮೀನು

ಕೆಲಸಕ್ಕೆಂದು ವಿದೇಶಕ್ಕೆ ಹೋದ ಮೇಲೆ ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಎಂಬ ಅನಿವಾಸಿಗಳ ಖಾತೆಯಾಗಿ ಬದಲಿಸಬೇಕು. ಇಲ್ಲಿನ ಬಾಡಿಗೆ, ಅಡಿಕೆಯ ಹಣ ಅದಕ್ಕೆ. ವಿದೇಶದಿಂದ ಕಳಿಸುವ ಉಳಿತಾಯಕ್ಕೆ ಎನ್‌ಆರ್‌ಇ ಖಾತೆ; ಅದರ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ. ಎನ್‌ಆರ್‌ಒ ಬಡ್ಡಿಗೆ ಶೇ 30ರಷ್ಟು ಮೂಲದಲ್ಲೇ ಕಡಿತ. ಒಟಿಪಿ ಬರುವ ಭಾರತದ ಮೊಬೈಲ್ ಸಂಖ್ಯೆಯನ್ನು ಜೀವಂತವಾಗಿಡಲು ಆಗುವ ರೀಚಾರ್ಜ್ ಕೂಡ ಹಾಳೆಯಲ್ಲಿರಲಿ.

ಹೊರಡುವ ದಿನಾಂಕಕ್ಕೂ ತೆರಿಗೆಗೂ ಸಂಬಂಧವಿದೆ. ಕೆಲಸಕ್ಕೆ ಹೊರಡುವ ಭಾರತೀಯರು ಆ ಆರ್ಥಿಕ ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಇಲ್ಲಿದ್ದರೆ ಅನಿವಾಸಿ. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 28ರೊಳಗೆ ಹೊರಟವರು ಈ ಗೆರೆಯೊಳಗೆ ಬರುತ್ತಾರೆ, ನಡುವೆ ರಜೆಗೆಂದು ಬಂದು ದಿನ ಕೂಡಿಸದಿದ್ದರೆ. ಡಿಸೆಂಬರಿನಲ್ಲಿ ಹೊರಟವರು ಆ ವರ್ಷ ನಿವಾಸಿಯೇ. ಮಾರ್ಚಿನ ತನಕ ಅಲ್ಲಿ ದುಡಿದದ್ದೂ ಇಲ್ಲಿನ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಸಂಬಳ ದೊಡ್ಡದಿದ್ದರೆ ಲೆಕ್ಕಪರಿಶೋಧಕರಿಗೆ ಕೊಡುವ ಶುಲ್ಕ ವ್ಯರ್ಥವಲ್ಲ.

ಜಮೀನು ಕೊಳ್ಳುವ ಆಸೆ ಇಟ್ಟುಕೊಂಡವರಿಗೆ ಒಂದು ಮಾತು. ಅನಿವಾಸಿಯಾದ ಮೇಲೆ ಕೃಷಿ ಜಮೀನು, ತೋಟ ಕೊಳ್ಳಲು ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದೆ ಆಗುವುದಿಲ್ಲ. ಈಗಾಗಲೇ ಇರುವುದನ್ನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಬರಬಹುದು. ದುಬೈ ಹಣದಲ್ಲಿ ಪಕ್ಕದ ಎರಡು ಎಕರೆ ತೋಟ ಸೇರಿಸಿಕೊಳ್ಳುವ ಯೋಜನೆ ಇದ್ದರೆ ಅದನ್ನು ಈಗಲೇ ತಿದ್ದಿಕೊಳ್ಳಿ. ಮನೆ, ನಿವೇಶನ ಕೊಳ್ಳಲು ಅಡ್ಡಿಯಿಲ್ಲ. ಪಿಪಿಎಫ್ ಖಾತೆ ಹೊಸದಾಗಿ ತೆರೆಯಲಾಗದು, ಹಳೆಯದನ್ನು ಅವಧಿಯ ತನಕ ಮುಂದುವರಿಸಬಹುದು.

ಹೆಜ್ಜೆ 7: ಹಣ ಕಳಿಸುವುದು, ಕೆಲಸ ಹೋದರೆ ಉಳಿಯುವುದು

ಎಕ್ಸ್‌ಚೇಂಜ್ ಕಂಪನಿಗಳು ಫಲಕದ ಮೇಲೆ ಬರೆಯುವ ಶುಲ್ಕಕ್ಕಿಂತ ಅವರು ಕೊಡುವ ದರದಲ್ಲಿ ಹೆಚ್ಚು ಹಣ ಹೋಗುತ್ತದೆ. ‘1,000 ದಿರ್ಹಮ್ ಕೊಟ್ಟರೆ ಕುಮಟಾದ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ?’ ಎಂದು ಎರಡು ಮೂರು ಕಡೆ ಕೇಳಿ, ಅದನ್ನೇ ಹೋಲಿಸಿ. ತಿಂಗಳಿಗೆ ನಾಲ್ಕು ಸಲ ಚೂರು ಚೂರು ಕಳಿಸದೆ ಒಮ್ಮೆಗೇ ಕಳಿಸಿ. ಬ್ಯಾಂಕಿನ ಹೊರಗೆ ಹಣ ದಾಟಿಸುವ ಹುಂಡಿಯವರು ಎರಡು ಪೈಸೆ ಹೆಚ್ಚು ಕೊಡುತ್ತಾರೆ ನಿಜ. ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ಅದು ಕಾನೂನುಬಾಹಿರ, ಮೇಲಾಗಿ ನಾಳೆ ಮನೆಸಾಲಕ್ಕೆ ಬ್ಯಾಂಕು ಆದಾಯದ ದಾಖಲೆ ಕೇಳಿದಾಗ ತೋರಿಸಲು ಕಾಗದವೇ ಇರುವುದಿಲ್ಲ.

ಎಮಿರೇಟ್ಸ್‌ನಲ್ಲಿ 2023ರಿಂದ ನಿರುದ್ಯೋಗ ವಿಮೆ ಕಡ್ಡಾಯ. ಮೂಲವೇತನ 16,000 ದಿರ್ಹಮ್‌ವರೆಗಿನವರಿಗೆ ತಿಂಗಳಿಗೆ 5 ದಿರ್ಹಮ್, ಮೇಲಿನವರಿಗೆ 10. ತಮ್ಮ ತಪ್ಪಿಲ್ಲದೆ ಕೆಲಸ ಕಳೆದುಕೊಂಡರೆ ಮೂಲವೇತನದ ಶೇ 60ರಷ್ಟು ಗರಿಷ್ಠ ಮೂರು ತಿಂಗಳು ಸಿಗುತ್ತದೆ, ಆದರೆ ಕನಿಷ್ಠ 12 ತಿಂಗಳು ಕಂತು ಕಟ್ಟಿರಬೇಕು. ಅಂದರೆ ಮೊದಲ ವರ್ಷದಲ್ಲಿ ಈ ವಿಮೆಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ಆ ವರ್ಷದ ಮೊದಲ ಉಳಿತಾಯವನ್ನು ಎನ್‌ಆರ್‌ಇ ಖಾತೆಗೆ ಹಾಕಿ: ಹಿಂತಿರುಗುವ ಒಂದು ಟಿಕೆಟ್ ಮತ್ತು ಊರಿನ ಮೂರು ತಿಂಗಳ ಮನೆಖರ್ಚು. ಅದು ತುಂಬುವ ತನಕ ಸಾಲದ ಕಂತಿಗಿಂತ ಹೆಚ್ಚು ಕಟ್ಟಬೇಡಿ, ಚಿನ್ನ ಕೊಳ್ಳಬೇಡಿ, ಸ್ಲ್ಯಾಬಿಗೆ ಮೇಸ್ತ್ರಿಯಿಂದ ಅಂದಾಜು ಕೂಡ ತರಿಸಬೇಡಿ.